ತೊಳೆಯದ ಬನಿಯನ್

ಸ್ಟೋನ್ ಹಾರ್ಬರ್, ಮಿಶಿಗನ್
9 ಮೇ 2011

ನಾರ್ಬರ್ಟ್,

ನಿನ್ನೆ ಬಂದರಿನ ಗೇಟಿನಲ್ಲಿ ನಿನ್ನ ಕೊಳೆ ಬಟ್ಟೆಯ ಚೀಲ ಇಸಿದುಕೊಂಡು ಒಗೆದ ಬಟ್ಟೆಯ ಚೀಲ ಕೊಟ್ಟು ಬಂದವಳು ಬೆಳಿಗ್ಗೆಯಿಂದ ಕುದಿಯುತ್ತಿದ್ದೇನೆ. ಹಡಗಿಗೆ ಸುಣ್ಣದಕಲ್ಲು ತುಂಬುವ ಎಂಟು ಗಂಟೆ ಮಾತ್ರ ನೀನು ಮನೆಯವನು. ಸಮುದ್ರದಂಥ ಸರೋವರಗಳನ್ನು ಸುತ್ತಿ ಹತ್ತು ಹನ್ನೆರಡು ದಿನಕ್ಕೊಮ್ಮೆ ಬಂದಾಗ ಸಿಗುವ ಆ ಎಂಟು ಗಂಟೆಯಲ್ಲಿ ಎರಡು ಗಂಟೆ ಆಲೂಗಡ್ಡೆ ಆರಿಹೋಗಿದೆ ಎಂದು ಕೂಗಾಡಿದೆ. ಐವತ್ತಾರು ವರ್ಷದ ಗಂಡಸು, ಅಷ್ಟು ದೊಡ್ಡ ಎಂಜಿನ್ನನ್ನು ತಣ್ಣಗೆ ನೋಡಿಕೊಳ್ಳುವವನು, ಆಲೂಗಡ್ಡೆಗಾಗಿ ಮೇಜು ಗುದ್ದುತ್ತಾನೆಯೇ?

ಅದಕ್ಕೂ ಮುಂಚೆ ಬಾಗಿಲು ದಾಟುವ ಮೊದಲೇ ಮದುಮಗನ ಹಾಗೆ ನನ್ನನ್ನು ಎತ್ತಿಕೊಂಡೆಯಲ್ಲ, ಅದರ ಬಗ್ಗೆ ನನ್ನ ದೂರಿಲ್ಲ. ಎರಡು ವರ್ಷದಿಂದ ಗೋಡೆ ಕಡೆ ತಿರುಗಿ ಮಲಗುತ್ತಿದ್ದವನಿಗೆ ಇದ್ದಕ್ಕಿದ್ದ ಹಾಗೆ ಏನಾಯಿತು ಎಂದು ಮಾತ್ರ ಕೇಳಬೇಕೆನಿಸಿತು. ಕೇಳಲಿಲ್ಲ. ಕೇಳಿದರೆ ಮತ್ತೆ ಗೋಡೆ ಕಡೆ ತಿರುಗುತ್ತೀಯೇನೋ ಎಂಬ ಹೆದರಿಕೆ.

ಈಗ ಬೇರೆ ವಿಷಯ ಕೇಳುತ್ತೇನೆ. ಮದುವೆಯಾದ ವಾರದಲ್ಲೇ ನಿಮ್ಮಮ್ಮ ನನಗೆ ಹೇಳಿಕೊಟ್ಟಿದ್ದರು. "ಹಡಗಿನವನ ಬನಿಯನ್ನು ಎಲ್ಲಾನೂ ಒಗೀಬಾರ್ದು ಕಣೇ. ಒಂದನ್ನ ಹಾಗೇ ಇಟ್ಕೋ. ಅವನು ತಿರುಗಿ ಬರೋವರ್ಗೂ ನೀನೇ ಹಾಕ್ಕೊಂಡು ಮಲ್ಕೋ. ಎಲ್ಲಾ ಒಗೆದ್ರೆ ಸರೋವರ ಅವನನ್ನೇ ಒಗೆದುಬಿಡುತ್ತೆ." ನನ್ನಪ್ಪನ ಹಡಗು ಮುಳುಗಿದ ವಾರ ನಮ್ಮಮ್ಮ ಎಲ್ಲ ಬನಿಯನ್‌ಗಳನ್ನೂ ಒಗೆದು ಹಗ್ಗಕ್ಕೆ ಹಾಕಿದ್ದಳು ಎಂದು ಈ ಊರಿನ ಹೆಂಗಸರು ಇವತ್ತಿಗೂ ಆಡಿಕೊಳ್ಳುತ್ತಾರೆ. ಹಾಗಾಗಿ ಮೂವತ್ತೊಂದು ವರ್ಷದಿಂದ ನಾನು ಆ ತಪ್ಪು ಮಾಡಿಲ್ಲ. ಆದರೆ ಈ ವರ್ಷ ನಿನ್ನ ಬನಿಯನ್ ಭುಜದ ಹತ್ತಿರ ಸ್ಪಿರಿಟ್ ನಾರುತ್ತದೆ. ನೀನು ಕುಡಿತ ಬಿಟ್ಟು ಒಂಬತ್ತು ವರ್ಷವಾಯಿತು. ಮತ್ತೆ ಶುರು ಮಾಡಿದ್ದರೆ ನಿನ್ನ ಬಾಯಿಂದಲೇ ಹೇಳು.

ಬರ್ನಡೀನ್


ಆಸ್ಕರ್ ಲೋಬರ್ಗ್ ಹಡಗು, ಡೆಟ್ರಾಯಿಟ್ ನದಿ
17 ಮೇ 2011

ಬರ್ನಡೀನ್,

ನಿನ್ನ ಕಾಗದವನ್ನು ಅಂಚೆ ದೋಣಿಯವರು ಬಕೆಟ್ಟಿನಲ್ಲಿಟ್ಟರು, ನಾವು ಹಗ್ಗ ಹಿಡಿದು ಮೇಲೆಳೆದುಕೊಂಡೆವು. ಎಲ್ಲರಿಗೂ ಹೆಂಡತಿಯರಿಂದ ಕಾಗದ ಬಂದಿತ್ತು, ನನಗೆ ಪೊಲೀಸರಿಂದ ಬಂದ ಹಾಗಿತ್ತು.

ಕುಡಿದಿಲ್ಲ. ಎಂಜಿನ್ ಕೋಣೆಯಲ್ಲಿ ಕೈ ಒರೆಸಿಕೊಳ್ಳಲು ಹೊಸದೊಂದು ದ್ರವ ಕೊಟ್ಟಿದ್ದಾರೆ, ಅದರ ವಾಸನೆ. ಇಷ್ಟೇ. ಒಂಬತ್ತು ವರ್ಷ ಕುಡಿಯದೆ ಇದ್ದದ್ದಕ್ಕೆ ನನಗೆ ಸಿಕ್ಕ ಬಹುಮಾನ ನೀನು ಬನಿಯನ್ ಮೂಸಿ ನೋಡುವುದು.

ಎರಡು ವರ್ಷ ಹೆಣದ ಹಾಗಿದ್ದೆ. ಕಾವಲು ಮುಗಿಸಿ ಬಂದರೆ ಬೂಟು ಬಿಚ್ಚಲು ತ್ರಾಣ ಇರುತ್ತಿರಲಿಲ್ಲ. ಈಗ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತೇನೆ. ಗಂಡ ಚೆನ್ನಾಗಿದ್ದಾನೆ ಎಂದರೆ ಬೇರೆ ಹೆಂಗಸರು ಖುಷಿ ಪಡುತ್ತಾರೆ, ನೀನು ತನಿಖೆ ಮಾಡುತ್ತೀಯ.

ಜಗಳ ಏನಿದ್ದರೂ ಕಾಗದದಲ್ಲೇ ಇರಲಿ. ದಂಡೆಯ ಹತ್ತಿರ ಬಂದಾಗ ಫೋನ್ ಮಾಡುತ್ತೇನೆ, ಆಗ ಬೇಡ. ಕಳೆದ ಸಲ ಸಿಗ್ನಲ್ ಹೋಗಿ ಅರ್ಧ ಜಗಳ ಬಾಯಲ್ಲೇ ಉಳಿದು ನಾಲ್ಕು ದಿನ ಊಟ ರುಚಿಸಲಿಲ್ಲ.

ನಾರ್ಬರ್ಟ್


ಸ್ಟೋನ್ ಹಾರ್ಬರ್
20 ಜೂನ್ 2011

ನಾರ್ಬರ್ಟ್,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿದೆ ನಿನ್ನ ಕಾಗದ. ಕುಡಿದಿಲ್ಲ ಎಂಬುದಷ್ಟನ್ನು ನಂಬುತ್ತೇನೆ. ಉಳಿದದ್ದು ನನಗೆ ಗೊತ್ತಾಗುತ್ತದೆ.

ಗಂಟಲು ಇನ್ನೂ ಸರಿಹೋಗಿಲ್ಲ. ಈಸ್ಟರ್ ಮುಗಿದಾಗಿನಿಂದ ಕಟ್ಟಿದ್ದು. ಜೇನು ಕುಡಿದೆ, ಉಪ್ಪುನೀರು ಮುಕ್ಕಳಿಸಿದೆ. ನಿನ್ನೆ ಚರ್ಚಿನಲ್ಲಿ ಮೇಲಿನ ಸ್ವರ ಹಿಡಿಯಲು ಹೋದರೆ ಗಂಟಲಿಂದ ಬಾಗಿಲು ಕಿರುಗುಟ್ಟಿದ ಸದ್ದು ಬಂತು. ಹಾಡಿಸುವ ಸಿಸ್ಟರ್ ಲಿಯೋಕೇಡಿಯಾ ಪಿಯಾನೊ ನಿಲ್ಲಿಸಿ, "ಬರ್ನಡೀನ್, ಕೆಳಗಿನ ಸ್ವರದ ಸಾಲಿಗೆ ಹೋಗಮ್ಮಾ ಸ್ವಲ್ಪ ದಿನ" ಅಂದರು. ಹದಿನೇಳು ವರ್ಷದವಳಾಗಿದ್ದಾಗಿನಿಂದ ನಾನು ನಿಂತ ಜಾಗ ಮೇಲಿನ ಸ್ವರದ ಸಾಲು. ಪ್ರತಿ ನವೆಂಬರಿನಲ್ಲಿ ಸರೋವರದಲ್ಲಿ ಮುಳುಗಿದವರ ಹೆಸರು ಚರ್ಚಿನಲ್ಲಿ ಓದಿದ ಮೇಲೆ ಹಾಡಿನ ಕೊನೆಯ ಚರಣ ನಾನೊಬ್ಬಳೇ ಹಾಡಬೇಕು. ಅಪ್ಪನ ಹೆಸರೂ ಅದರಲ್ಲಿದೆ. ಅಷ್ಟರೊಳಗೆ ಸರಿಹೋಗದಿದ್ದರೆ ನಾನೇನು ಮಾಡಲಿ?

ಮೊನ್ನೆ ನೀನು ಫೋನಿನಲ್ಲಿ, "ರೇ, ಬರ್ನಡೀನ್‌ಗೆ ಕೊಡಪ್ಪಾ" ಅಂದೆ. ನನ್ನ ತಮ್ಮ ರೇ ಇರುವುದು ಸಾವಿರ ಮೈಲಿ ದೂರ. ಮಾತಾಡುತ್ತಿದ್ದವಳು ನಾನು. ನೀನು ನಗೆಯಾಡಿದೆ, ನಾನು ಫೋನ್ ಇಟ್ಟು ಸ್ನಾನದ ಮನೆಗೆ ಹೋಗಿ ಅತ್ತೆ. ಮುಖದಲ್ಲಿ ಹುಡುಗಿಯರ ಹಾಗೆ ಮೊಡವೆ ಬೇರೆ. ವಯಸ್ಸಿನ ಆಟ ಇರಬೇಕು.

ಬರ್ನಡೀನ್


ಆಸ್ಕರ್ ಲೋಬರ್ಗ್, ಡೆಟ್ರಾಯಿಟ್ ನದಿ
6 ಜುಲೈ 2011

ಬರ್ನಡೀನ್,

ನಾನು ಬನಿಯನ್ ಮೂಸುವವನಲ್ಲ. ಆದರೆ ಕಣ್ಣಿದೆ.

ಶನಿವಾರ ಮನೆಗೆ ಬಂದಾಗ ನೀನು ಮಾಂಸ ತರಲು ಅಂಗಡಿಗೆ ಹೋಗಿದ್ದೆ. ಸ್ನಾನದ ಮನೆಯ ಕಪಾಟಿನಲ್ಲಿ ಟವೆಲ್ ಹುಡುಕುತ್ತಿದ್ದವನಿಗೆ ಹಿಂದುಗಡೆ ಬಚ್ಚಿಟ್ಟಿದ್ದ ರೇಜರ್ ಸಿಕ್ಕಿತು. ನನ್ನದಲ್ಲ. ನಾನು ಗಡ್ಡ ಬಿಟ್ಟು ಇಪ್ಪತ್ತು ವರ್ಷವಾಯಿತು. ಬ್ಲೇಡಿನಲ್ಲಿ ಒರಟು ಕಪ್ಪು ಕೂದಲಿತ್ತು, ಪಕ್ಕದಲ್ಲಿ ನೊರೆಯ ಡಬ್ಬಿ. ನೀನು ಬಂದು ಕೆನ್ನೆ ಕೊಡದೆ ಮುಖ ತಿರುಗಿಸಿಕೊಂಡೆ. ನಾನೂ ಸುಮ್ಮನೆ ತಿಂದು ಹಡಗಿಗೆ ಬಂದೆ.

ಫೋನಿನಲ್ಲಿ ಕೇಳಿದ ಗಂಡು ದನಿ ನಿನ್ನದೇ ಎಂದು ನಂಬಿದ್ದೆ. ಈಗ ನಂಬುವುದಿಲ್ಲ. ಮೂವತ್ತು ವರ್ಷ ಕಲ್ಲು, ಕಲ್ಲಿದ್ದಲು ಹೊತ್ತು ಸಾಕಿದ್ದು ಯಾರನ್ನು? ಅವನ ಹೆಸರು ಬರೆದು ಕಳಿಸು, ಸಾಕು.

ನಾರ್ಬರ್ಟ್


ಸ್ಟೋನ್ ಹಾರ್ಬರ್
11 ಜುಲೈ 2011

ರೇಜರ್ ನನ್ನದು.

ಇನ್ನು ಮೇಲೆ ಬಟ್ಟೆ ಚೀಲವನ್ನು ಗೇಟಿನ ಕಾವಲುಗಾರನ ಹತ್ತಿರ ಇಟ್ಟು ಹೋಗುತ್ತೇನೆ. ನಿನ್ನ ಚೀಲವನ್ನೂ ಅಲ್ಲೇ ಬಿಡು. ಮನೆಗೆ ಬರಬೇಡ.

ಬಿ.


ಆಸ್ಕರ್ ಲೋಬರ್ಗ್, ಡೆಟ್ರಾಯಿಟ್ ನದಿ
2 ಆಗಸ್ಟ್ 2011

ಬರ್ನಡೀನ್,

ರೇಜರ್ ನಿನ್ನದಂತೆ. ಕಾಲಿನ ಕೂದಲು ತೆಗೆಯುವುದಕ್ಕಾದರೆ ಬಚ್ಚಿಡುವುದೇಕೆ? ಇದು ನನ್ನ ಮೂರನೆಯ ಕಾಗದ. ಬಕೆಟ್ ಮೇಲೆ ಬಂದಾಗಲೆಲ್ಲ ಅಡುಗೆಯ ಡೆಲ್ಬರ್ಟ್ ನನ್ನ ಮುಖ ನೋಡುತ್ತಾನೆ, ನಾನು ಬೇರೆ ಕಡೆ ನೋಡುತ್ತೇನೆ. ನಿನ್ನೆ ಅವನ ಮೇಲೆ ಕೈ ಎತ್ತಿದ್ದೆ. ಕಾಫಿ ತೆಳ್ಳಗಿತ್ತು ಎಂಬುದೊಂದೇ ಕಾರಣ.

ಬೈಯುವುದಾದರೂ ಬೈ. ಹೀಗೆ ಸುಮ್ಮನಿರಬೇಡ.

ನಾರ್ಬರ್ಟ್


ಸ್ಟೋನ್ ಹಾರ್ಬರ್
22 ಆಗಸ್ಟ್ 2011

ನಾರ್ಬರ್ಟ್,

ಬೈಯುವುದಕ್ಕೆ ಕೂತಿದ್ದೇನೆ, ಓದು.

ನನಗೆ ಗಡ್ಡ ಬರುತ್ತಿದೆ. ಗದ್ದದ ಕೆಳಗೆ, ತುಟಿಯ ಮೇಲೆ, ನಿನ್ನದಕ್ಕಿಂತ ಕಪ್ಪಗೆ. ದಿನಾ ಬೆಳಿಗ್ಗೆ ಬಾಗಿಲಿಗೆ ಚಿಲಕ ಹಾಕಿಕೊಂಡು ಬೋಳಿಸಿಕೊಳ್ಳುತ್ತೇನೆ. ನಿನಗೆ ಹೇಳಲು ನಾಚಿಕೆಯಾಯಿತು. ಅದನ್ನು ನೋಡಿ ನೀನು ಮನೆಯಲ್ಲಿ ಗಂಡಸನ್ನು ಹುಡುಕಿದೆ. ಆ ಗಂಡಸು ನಾನೇ ಕಣಪ್ಪ.

ಡಾಕ್ಟರ್ ಹಾಲ್ವರ್ಸನ್ ಹತ್ತಿರ ಹೋದೆ. ರಕ್ತ ನೋಡಿದರು. ಗಂಡಸರ ಹಾರ್ಮೋನು ಹೆಂಗಸಿನಲ್ಲಿ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆಯಂತೆ. ಅಂಡಾಶಯದಲ್ಲೋ ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲೋ ಗಡ್ಡೆ ಇರಬಹುದು ಎಂದು ಎರಡು ಸಲ ಯಂತ್ರದೊಳಗೆ ತಳ್ಳಿ ನೋಡಿದರು. ಏನೂ ಕಾಣಲಿಲ್ಲ. ಕಾಣದಷ್ಟು ಚಿಕ್ಕದಿರಬಹುದು, ಈ ವಯಸ್ಸಿನಲ್ಲಿ ಎರಡೂ ಅಂಡಾಶಯ ತೆಗೆದುಬಿಡುವುದೇ ಮೇಲು ಎಂದರು. ಸೆಪ್ಟೆಂಬರ್ ಹನ್ನೆರಡಕ್ಕೆ ಆಪರೇಷನ್. ಆರು ವಾರದಿಂದ ಕ್ಯಾನ್ಸರ್ ಎಂದುಕೊಂಡೇ ಏಳುತ್ತಿದ್ದೇನೆ, ಕ್ಯಾನ್ಸರ್ ಎಂದುಕೊಂಡೇ ಬ್ರೆಡ್ಡು ಕೊಯ್ಯುತ್ತಿದ್ದೇನೆ. ಅದೇ ಆರು ವಾರ ನೀನು ನನ್ನ ಮಿಂಡನ ಹೆಸರು ಕೇಳುತ್ತಿದ್ದೆ.

ಡಾಕ್ಟರ್ ಕೇಳಿದರು. "ಮನೇಲಿ ಯಾರಾದ್ರೂ ಹಾರ್ಮೋನ್ ಜೆಲ್ ಹಚ್ಕೋತಾರಾ? ಮೈಗೆ ಮೈ ತಾಗಿದ್ರೆ, ಬಟ್ಟೆ ತಾಗಿದ್ರೂ, ಅದು ಇನ್ನೊಬ್ರಿಗೆ ಇಳಿಯುತ್ತೆ."

ನಾನು ನಕ್ಕುಬಿಟ್ಟೆ. "ನನ್ನ ಗಂಡ ಬಿಸಿಲಲ್ಲಿ ಸುಟ್ರೂ ಮುಖಕ್ಕೆ ಕ್ರೀಮ್ ಹಚ್ಚೋನಲ್ಲ, ಡಾಕ್ಟರ್" ಅಂದೆ. ನಿನ್ನ ಪರವಾಗಿ ಪ್ರಮಾಣ ಮಾಡಿ ಬಂದೆ.

ಆಪರೇಷನ್ನಿಗೆ ರಜೆ ಹಾಕಿ ಬಾ ಎಂದು ಕೇಳುವುದಿಲ್ಲ. ಗೊತ್ತಿರಲಿ ಎಂದು ಬರೆದೆ. ನಿನ್ನ ಬನಿಯನ್ ಹಾಕಿಕೊಂಡೇ ಈಗಲೂ ಮಲಗುತ್ತೇನೆ. ನಿನ್ನ ಮೇಲೆ ಎಷ್ಟು ಸಿಟ್ಟಿದ್ದರೂ ನೀನು ಮುಳುಗುವುದು ನನಗೆ ಬೇಡ.

ಬರ್ನಡೀನ್


ಆಸ್ಕರ್ ಲೋಬರ್ಗ್, ಸೂ ಕಾಲುವೆ
30 ಆಗಸ್ಟ್ 2011

ಬರ್ನಡೀನ್,

ಇದು ತಲುಪುವ ಹೊತ್ತಿಗೆ ಡಾಕ್ಟರ್ ನಿನಗೆ ಹೇಳಿರುತ್ತಾರೆ. ಇಲ್ಲಿ ಕಾಲುವೆಯ ಬಾಗಿಲು ತೆರೆಯಲು ಕಾಯುತ್ತಿದ್ದಾಗ ಅವರಿಗೆ ಫೋನ್ ಮಾಡಿದೆ. ನಿನಗೆ ಮಾಡಲು ಎರಡು ಸಲ ನಂಬರು ಒತ್ತಿದೆ. ಎರಡು ಸಲವೂ ರಿಂಗಾಗುವ ಮೊದಲೇ ಇಟ್ಟುಬಿಟ್ಟೆ.

ಮಾರ್ಚಿನಲ್ಲಿ ಹಡಗು ಹೊರಡುವ ಮೊದಲು ಟೊಲೀಡೊದಲ್ಲಿ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. "ದಣಿವೇ? ಹುಮ್ಮಸ್ಸಿಲ್ಲವೇ?" ಎಂದು ಹೊರಗೆ ಬೋರ್ಡು ಹಾಕಿದ್ದರು. ಡೆಲ್ಬರ್ಟ್ ಅಲ್ಲಿಗೆ ಹೋಗಿ ಬಂದಿದ್ದ. ಇಡೀ ರಾತ್ರಿ ಪಾಳಿ ಮಾಡಿ, ನಿದ್ದೆಗೆಟ್ಟು, ಮಧ್ಯಾಹ್ನ ಹೋಗಿದ್ದೆ. ಒಂದು ಸಲ ರಕ್ತ ತೆಗೆದು ಟೆಸ್ಟೋಸ್ಟೆರೋನ್ ಕಡಿಮೆ ಎಂದು ಜೆಲ್ ಕೊಟ್ಟರು. ಬೆಳಿಗ್ಗೆ ಭುಜಕ್ಕೆ ಹಚ್ಚಬೇಕು. ನೀನು ಮೂಸಿದ ಸ್ಪಿರಿಟ್ ವಾಸನೆ ಅದರದ್ದೇ. ಅಲ್ಲಿದ್ದವನು ಅಂದ, "ಜೊತೇಲಿರೋ ಚೀಟಿ ಓದ್ಕೊಳ್ಳಿ, ಎಲ್ಲಾ ಬರ್ದಿದೆ." ಅದು ಮೇಜುಬಟ್ಟೆಯಷ್ಟು ದೊಡ್ಡ ಕಾಗದ. ಪಕ್ಕದ ಮಂಚದವನು ನೋಡಿದರೆ ಸೀಸನ್ನು ಮುಗಿಯುವವರೆಗೂ ಗೇಲಿ ಮಾಡುತ್ತಾರೆ ಎಂದು ಮುದ್ದೆ ಮಾಡಿ ನೀರಿಗೆಸೆದೆ. ಡಬ್ಬಿಯನ್ನು ಕಾಲುಚೀಲದೊಳಗಿಟ್ಟೆ.

ಕೆಲಸ ಮಾಡಿತು. ಡಬ್ಬಿ ಒಂದು ಸಲ ಒತ್ತಿದ್ದಕ್ಕೆ ಇಷ್ಟಾದರೆ ಎರಡು ಸಲ ಒತ್ತಿದರೆ ಎಷ್ಟಾಗಬೇಕು ಎಂದು ಏಪ್ರಿಲ್‌ನಿಂದ ಎರಡು ಪಟ್ಟು ಹಚ್ಚಿದೆ. ಒಣಗುವವರೆಗೆ ಭುಜ ಬಿಟ್ಟುಕೊಂಡು ನಿಂತರೆ ಯಾರಾದರೂ ಕೇಳುತ್ತಾರಲ್ಲ, ಅದಕ್ಕೆ ಹಚ್ಚಿದ ತಕ್ಷಣ ಬನಿಯನ್ ಹಾಕಿಕೊಳ್ಳುತ್ತಿದ್ದೆ. ಹತ್ತು ದಿನವೂ ಅದೇ ಬನಿಯನ್, ಅಮ್ಮ ಹೇಳಿದ್ದಕ್ಕೆ. ಅದನ್ನೇ ಚೀಲದ ಮೇಲ್ಗಡೆ ಇಟ್ಟು ನಿನಗೆ ಕೊಡುತ್ತಿದ್ದೆ. ಇದು ಹೀಗೆ ದಾಟುತ್ತದೆ ಎಂದು ದೇವರಾಣೆಗೂ ಗೊತ್ತಿರಲಿಲ್ಲ.

ಸೆಪ್ಟೆಂಬರ್ ಆರಕ್ಕೆ ನನ್ನ ಜಾಗಕ್ಕೆ ಬೇರೆಯವನು ಬರುತ್ತಾನೆ. ಮೂರು ವಾರ ರಜೆ. ಎಲ್ಲಿಗೆ ಬರಲಿ ಹೇಳು.

ನಾರ್ಬರ್ಟ್


ಸ್ಟೋನ್ ಹಾರ್ಬರ್
3 ಸೆಪ್ಟೆಂಬರ್ 2011

ನಾರ್ಬರ್ಟ್,

ಗೊತ್ತಿರಲಿಲ್ಲ ಎನ್ನಬೇಡ. ಗೊತ್ತು ಮಾಡಿಸುವ ಕಾಗದವನ್ನು ನೀರಿಗೆಸೆದವನು ನೀನು. ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರಂತೆ, ಹೆಂಗಸರಿಗೆ ಮಕ್ಕಳಿಗೆ ತಾಗಿಸಬೇಡಿ ಎಂದು. ಡಾಕ್ಟರ್ ನನಗೊಂದು ಕೊಟ್ಟರು. ನಾನು ಅದನ್ನು ಎರಡು ಸಲ ಓದಿದೆ. ಕನ್ನಡಕ ಇದ್ದವರು ಯಾರಾದರೂ ಹತ್ತು ನಿಮಿಷದಲ್ಲಿ ಓದಬಹುದು.

ಆಪರೇಷನ್ ಬೇಡವಂತೆ. ಒಂಬತ್ತು ದಿನ ತಡವಾಗಿದ್ದರೆ ನೆಟ್ಟಗಿದ್ದ ಅಂಗಗಳನ್ನು ಕತ್ತರಿಸಿ ಬಕೆಟ್ಟಿಗೆ ಹಾಕುತ್ತಿದ್ದರು. ಡಾಕ್ಟರ್ ಫೋನ್ ಮಾಡಿ, "ನಿಮ್ಮೆಜಮಾನ್ರು ಹೇಳಿದ್ರು" ಅಂದಾಗ ನನಗೆ ಮೊದಲು ಅರ್ಥವೇ ಆಗಲಿಲ್ಲ. ನನಗೆ ಹೇಳಲಾಗದ್ದನ್ನು ನೀನು ಅಡುಗೆಯವನಿಗೆ ಹೇಳಿದೆ, ಬೋರ್ಡು ಹಾಕಿಕೊಂಡು ಕೂತವನಿಗೆ ಹೇಳಿದೆ, ನನ್ನ ಡಾಕ್ಟರಿಗೆ ಹೇಳಿದೆ. ಊರಿಗೆಲ್ಲ ಗೊತ್ತಾದ ಮೇಲೆ ಹೆಂಡತಿಗೆ. ಗೋಡೆ ಕಡೆ ತಿರುಗಿ ಮಲಗಿದ ಎರಡು ವರ್ಷದಲ್ಲಿ ಒಂದು ದಿನ ಈ ಕಡೆ ತಿರುಗಿ, "ಬರ್ನಿ, ನನಗೇನೋ ಆಗಿದೆ" ಎಂದಿದ್ದರೆ ನಾನು ನಗುತ್ತಿದ್ದೆನೇ? ಆ ಎರಡು ವರ್ಷ ನಾನು ಮುದುಕಿಯಾದೆ, ನಿನಗೆ ಬೇಡವಾದೆ ಎಂದುಕೊಂಡಿದ್ದೆ.

ಮನೆಯಲ್ಲಿದ್ದ ನಿನ್ನ ಬನಿಯನ್‌ಗಳನ್ನೆಲ್ಲ ಹಿತ್ತಿಲ ಡ್ರಮ್ಮಿಗೆ ಹಾಕಿ ಸುಟ್ಟೆ. ಹಾಸಿಗೆ ಬಟ್ಟೆಯನ್ನು ಬಿಸಿನೀರಲ್ಲಿ ಒಗೆದೆ. ಎಲ್ಲವನ್ನೂ ಒಗೆದೆ. ನೀನಿನ್ನೂ ಮುಳುಗಿಲ್ಲ, ಹಾಗಾದರೆ ನಿಮ್ಮಮ್ಮ ಹೇಳಿದ್ದೂ ನಮ್ಮಮ್ಮನ ಮೇಲೆ ಊರು ಹೊರಿಸಿದ್ದೂ ಸುಳ್ಳು.

ಮೊಡವೆ ಹೋಗುತ್ತದಂತೆ. ಕೂದಲು ನಿಧಾನವಾಗಿ ತೆಳ್ಳಗಾಗುತ್ತದಂತೆ. ದನಿ ಯಾವಾಗ ಸರಿಹೋಗುತ್ತೆ ಎಂದು ಕೇಳಿದೆ. ಡಾಕ್ಟರ್ ತಲೆ ತಗ್ಗಿಸಿಕೊಂಡು, "ಅದನ್ನ ಮಾತ್ರ ಹೇಳಕ್ಕಾಗಲ್ಲ, ಬರ್ನಡೀನ್. ಗಂಟಲಿನ ತಂತು ಒಂದ್ಸಲ ದಪ್ಪ ಆದ್ರೆ ಸಾಮಾನ್ಯವಾಗಿ ಹಾಗೇ ಉಳಿಯುತ್ತೆ" ಅಂದರು.

ರಜೆಯಲ್ಲಿ ನಿಮ್ಮಕ್ಕನ ಮನೆಗೆ ಹೋಗು. ಬೋರ್ಡಿನವರ ಹತ್ತಿರ ಅಲ್ಲ, ಹಾಲ್ವರ್ಸನ್ ಹತ್ತಿರ ತೋರಿಸಿಕೋ.

ಬರ್ನಡೀನ್


ಅಲ್ಪೀನಾ, ಅಕ್ಕನ ಮನೆ
25 ಸೆಪ್ಟೆಂಬರ್ 2011

ಬರ್ನಡೀನ್,

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತೀಯ. ಅನ್ನು.

ಹಾಲ್ವರ್ಸನ್ ಜೆಲ್ ನಿಲ್ಲಿಸಿ, ರಾತ್ರಿ ಪಾಳಿಯಿಲ್ಲದೆ ಸರಿಯಾಗಿ ನಿದ್ದೆ ಮಾಡಿಸಿ, ವಾರ ಬಿಟ್ಟು ಎರಡು ದಿನ ಬೆಳಿಗ್ಗೆ ರಕ್ತ ತೆಗೆದರು. ಒಂದೇ ಸಲ ನೋಡಿ ಯಾರೂ ತೀರ್ಮಾನ ಮಾಡಬಾರದಂತೆ. ಎರಡರಲ್ಲೂ ಕಡಿಮೆ ಬಂದಿದೆ. ಇಷ್ಟು ದಿನ ಹಚ್ಚಿದ್ದರಿಂದಲೂ ಹೀಗೆ ಬರಬಹುದು, ಚಳಿಗಾಲದಲ್ಲಿ ಹಡಗು ನಿಂತ ಮೇಲೆ ಮತ್ತೆ ನೋಡಿಯೇ ಖಚಿತ ಎಂದರು. ಎರಡು ಪಟ್ಟು ಹಚ್ಚಿದ್ದಕ್ಕೆ ನನ್ನ ರಕ್ತವೂ ಗಟ್ಟಿಯಾಗಿದೆ. "ಇನ್ನು ಸ್ವಲ್ಪ ದಿನ ಹೀಗೇ ಹಚ್ಚಿದ್ರೆ ಎಂಜಿನ್ ಕೋಣೇಲೇ ಬಿದ್ದಿರ್ತಿದ್ರಿ" ಎಂದು ಬೈದರು. ರಕ್ತ, ಪ್ರಾಸ್ಟೇಟ್ ಎಲ್ಲ ಆಗಾಗ ನೋಡಿಸುತ್ತಿರಬೇಕಂತೆ.

ನಾನು ತೀರ್ಮಾನ ಮಾಡಿದ್ದೇನೆ. ಖಚಿತವಾದರೂ ಇನ್ನು ಹಚ್ಚುವುದಿಲ್ಲ. ಹೆಣದ ಹಾಗಿದ್ದರೆ ಇರಲಿ. ನಿನ್ನ ಗಂಟಲು ಕಿತ್ತುಕೊಂಡವನಿಗೆ ಹುಮ್ಮಸ್ಸು ಯಾಕೆ?

ಎರಡು ದಿನ ನಮ್ಮ ಮನೆಯ ಮುಂದೆ ಕಾರಿನಲ್ಲಿ ಕೂತಿದ್ದು ವಾಪಸ್ ಬಂದೆ. ನೀನು ಪರದೆ ಎಳೆದೆ. ನನ್ನನ್ನು ನೋಡಿದೆ ಎಂದು ಗೊತ್ತು. ನಾಡಿದ್ದು ಹಡಗಿಗೆ ಹೋಗುತ್ತೇನೆ.

ನಾರ್ಬರ್ಟ್


ಸ್ಟೋನ್ ಹಾರ್ಬರ್
19 ನವೆಂಬರ್ 2011

ನಾರ್ಬರ್ಟ್,

ನಿನ್ನೆ ಹೆಸರು ಓದಿದರು. ಕೊನೆಯ ಚರಣವನ್ನು ಬೇಕರಿಯವರ ಮಗಳು ಹಾಡಿದಳು. ಚೆನ್ನಾಗಿ ಹಾಡಿದಳು, ಅದಕ್ಕೂ ಸಿಟ್ಟು ಬಂತು. ಸಿಸ್ಟರ್ ನನ್ನನ್ನು ಗಂಡಸರ ಸಾಲಿನ ತುದಿಗೆ ನಿಲ್ಲಿಸಿದ್ದರು. ಅಪ್ಪನ ಹೆಸರು ಬಂದಾಗ ಅಭ್ಯಾಸಬಲದಿಂದ ಬಾಯಿ ತೆರೆದೆ, ಮತ್ತೆ ಮುಚ್ಚಿಕೊಂಡೆ. ಮೂವತ್ತಾರು ವರ್ಷ ಅವನಿಗೆ ನಾನು ಕೊಡುತ್ತಿದ್ದದ್ದು ಅದೊಂದೇ. ಗೋರಿ ಇಲ್ಲ, ಹೂವಿಡಲು ಜಾಗ ಇಲ್ಲ. ಇದನ್ನು ನಾನು ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ. ಕ್ಷಮಿಸಿದ ದಿನ ಹೇಳುತ್ತೇನೆ.

ಜೆಲ್ ಹಚ್ಚುವುದಿಲ್ಲ ಎಂದು ಹುತಾತ್ಮನಾಗಲು ಹೊರಟಿದ್ದೀಯಲ್ಲ, ಅದನ್ನೂ ನಿಲ್ಲಿಸು. ಕಾಯಿಲೆ ಇದ್ದರೆ ಮದ್ದು ಮಾಡಿಕೊಳ್ಳಬೇಕು. ನೀನು ಹೆಣದ ಹಾಗೆ ಕೂತರೆ ನನ್ನ ಗಂಟಲಿಗೇನು ಲಾಭ? ಚಳಿಗಾಲದ ಪರೀಕ್ಷೆಯಲ್ಲೂ ಕಡಿಮೆ ಬಂದರೆ ಹಚ್ಚಿಕೋ. ಹಾಲ್ವರ್ಸನ್ ಹೇಳಿದಷ್ಟೇ, ಒಂದು ಹನಿ ಹೆಚ್ಚಿಲ್ಲ. ಸ್ನಾನವಾದ ಮೇಲೆ, ಬಾಗಿಲು ತೆರೆದಿಟ್ಟು, ನೋಡುವವರು ನೋಡಲಿ. ಸೋಪು ಹಾಕಿ ಕೈ ತೊಳೆ. ಪೂರ್ತಿ ಒಣಗುವವರೆಗೆ ಭುಜ ಬಿಟ್ಟುಕೊಂಡು ನಿಂತಿರು, ಬೆಂಕಿಕಡ್ಡಿಯ ಹತ್ತಿರ ಹೋಗಬೇಡ, ಆಮೇಲೆ ಅಂಗಿ ಹಾಕು. ಮನೆಗೆ ಬರುವ ದಿನ ಯಾರನ್ನು ಮುಟ್ಟುವ ಮೊದಲೂ ಭುಜವನ್ನು ಸೋಪಿನಲ್ಲಿ ತೊಳೆದಿರಬೇಕು. ನಿನ್ನ ಬಟ್ಟೆಯನ್ನು ಇನ್ನು ಮೇಲೆ ನೀನೇ ಒಗೆದುಕೋ, ಹಡಗಿನಲ್ಲಿ ಯಂತ್ರವಿದೆ. ಯಾರಾದರೂ ಗೇಲಿ ಮಾಡಿದರೆ ನನ್ನ ಕಥೆ ಹೇಳು. ಡೆಲ್ಬರ್ಟ್‌ಗೆ ಮೊದಲು ಹೇಳು, ಅವನಿಗೂ ಹೆಂಡತಿ ಇದ್ದಾಳೆ.

ಇನ್ನೊಂದು ವಿಷಯ. ಬುಧವಾರ ಸಂಜೆ ನಾನು ಚರ್ಚಿಗೆ ಹೋದಾಗಲೆಲ್ಲ ಮನೆಗೆ ಫೋನ್ ಬಂದಿದೆ. ಒಂದೂ ಮಾತಿಲ್ಲದೆ ಇಟ್ಟಿದ್ದಾರೆ. ನಾವಿಲ್ಲದಾಗ ಫೋನಿಗೆ ಉತ್ತರ ಹೇಳುವ ಯಂತ್ರದಲ್ಲಿ ನಂಬರು ಬೀಳುತ್ತದೆ ಎಂದು ನಿನಗೆ ಗೊತ್ತಿಲ್ಲವೇ? ಹದಿನಾಲ್ಕು ಸಲ. ನಾನು ಇಲ್ಲದ ಹೊತ್ತು ನೋಡಿ ಯಾಕೆ ಮಾಡುತ್ತಾನೆ ಎಂದು ಮೊದಲು ತಿಳಿಯಲಿಲ್ಲ. ಆಮೇಲೆ ಪಕ್ಕದ ಮನೆಯಿಂದ ನಾನೇ ನಮ್ಮ ನಂಬರಿಗೆ ಮಾಡಿದೆ. ನಾಲ್ಕು ಸಲ ಹೊಡೆದುಕೊಂಡಿತು. "ನಾವು ಮನೆಯಲ್ಲಿಲ್ಲ, ಹೆಸರು ಹೇಳಿ, ನಾನು ಫೋನ್ ಮಾಡುತ್ತೇನೆ" ಎಂದಳು ಅವಳು, ಗಂಟಲು ಕೆಡುವ ಮೊದಲಿನ ನಾನು. ಎಷ್ಟು ಹಗುರವಾಗಿ ಹೇಳುತ್ತಾಳೆ ಗೊತ್ತಾ? ನಿನಗೆ ಗೊತ್ತು, ಹದಿನಾಲ್ಕು ಸಲ ಕೇಳಿದ್ದೀಯ.

ಮನೆಗೆ ಬಂದು ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡು ನಾನೂ ಕೇಳಿದೆ, ಕಾಫಿ ಆರಿಹೋಗುವವರೆಗೆ. ಆಮೇಲೆ ಅಳಿಸಿದೆ. ಈಗಿರುವ ದನಿಯಲ್ಲಿ ಅದೇ ಮಾತನ್ನು ಮತ್ತೆ ಹೇಳಿಟ್ಟಿದ್ದೇನೆ. ಮೊದಲ ಸಲ ಒಡೆಯಿತು, ಎರಡನೆಯ ಸಲ ಸರಿಯಾಗಿ ಬಂತು.

ಇನ್ನು ಬುಧವಾರ ಫೋನ್ ಮಾಡಬೇಡ, ಆ ಹೆಂಗಸು ಇಲ್ಲಿಲ್ಲ. ನನ್ನ ಹತ್ತಿರ ಮಾತಾಡಬೇಕಿದ್ದರೆ ಬೇರೆ ದಿನ ಮಾಡು. ಗಂಡಸಿನ ಹಾಗೆ ಕೇಳಿಸಿದರೆ ರೇ ಎಂದು ಕರೆಯಬೇಡ. ನಾನೇ ಎತ್ತಿರುತ್ತೇನೆ.

ಬರ್ನಡೀನ್